ಅಜ್ಜಿಯ ಹಾಡುಗಳ ಫೈಲು

ಹಳೇಬೀಡಿನ ನಮ್ಮ ಮನೆಯ ಕಂಪ್ಯೂಟರ್ ತೀರಾ ನಿಧಾನವಾಗಿತ್ತು. ಇಂಟರ್ನೆಟ್ ಹಾಕಿದರೆ ಸಾಕು, ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಒಂದು ಭಾನುವಾರ ಅಣ್ಣ ಕೂತು, ತನಗೆ ಗುರುತಿಲ್ಲದ ಸಾಫ್ಟ್‌ವೇರ್‌ಗಳನ್ನೆಲ್ಲ ತೆಗೆದುಹಾಕಿದ. ಅವುಗಳ ಜೊತೆಗೆ ಕನ್ನಡ ಟೈಪಿಂಗ್ ಸಾಫ್ಟ್‌ವೇರೂ ಅದರ ಫಾಂಟುಗಳೂ ಹೋದವು.

ಸಂಜೆ ಅಮ್ಮ ತನ್ನ ಫೈಲು ತೆರೆದಳು. ಅವಳ ತಾಯಿ, ನಮ್ಮ ಹುಲಿಕೆರೆಯ ಅಜ್ಜಿ, ಸಾಯುವ ಮುಂಚೆ ಹೇಳಿದ್ದ ರಾಗಿ ಬೀಸುವ ಹಾಡುಗಳನ್ನು ಅಕ್ಷರ ಹುಡುಕಿ ಹುಡುಕಿ ಅದರಲ್ಲಿ ಟೈಪ್ ಮಾಡಿಟ್ಟಿದ್ದಳು. ಬೇರೆಲ್ಲೂ ಬರೆದಿರಲಿಲ್ಲ. ಈಗ ಆ ಫಾಂಟಿಲ್ಲದೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳು.

“ಎಲ್ಲಾ ಅದರೊಳಗೇ ಇದೆ ಕಣಮ್ಮ, ಕಾಣಿಸ್ತಿಲ್ಲ ಅಷ್ಟೆ,” ಎಂದ ಅಣ್ಣ.

“ಕಣಜದಾಗೆ ರಾಗಿ ಐತೆ ಅಂದ್ರೆ ಹೊಟ್ಟೆ ತುಂಬ್ತೈತೇನೋ? ತೋರ್ಸು.”

ಆ ಕನ್ನಡ ಸಾಫ್ಟ್‌ವೇರನ್ನು ಮತ್ತೆ ಹಾಕಲು ಅವನ ಬಳಿ ಸೀಡಿ ಇರಲಿಲ್ಲ. ಮೊದಲು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ ಅರಸೀಕೆರೆಯ ಅಂಗಡಿಯವರು ಊರು ಬಿಟ್ಟು ಹೋಗಿದ್ದರು. ಏನೂ ತೋಚದೆ ಫೈಲನ್ನು ಮುಚ್ಚಿ ಮುಚ್ಚಿ ತೆರೆದ.

ಅಮ್ಮ ಮೊದಲ ಸಾಲಿನ ಮೇಲೆ ಬೆರಳಿಟ್ಟು ನೆನಪಿನಿಂದ ಹಾಡತೊಡಗಿದಳು. ಹಾಡು ಸಾಗಿದಂತೆ ಬೆರಳೂ ಸಾಗಿತು. ಮಗಳನ್ನು ಗಂಡನ ಮನೆಗೆ ಕಳಿಸುವ ಕಡೆ ಅವಳ ದನಿ ನಿಂತಿತು. ಮುಂದಿನ ಸಾಲು ನೆನಪಾಗಲಿಲ್ಲ. ಬೆರಳು ಗಾಜಿನ ಮೇಲೇ ಇತ್ತು.

“ಇಲ್ಲೇ ಐತೆ ಕಣೋ,” ಎಂದಳು ಅಣ್ಣನಿಗೆ. “ಮುಂದಿನ ಸಾಲು ಇಲ್ಲೇ ಐತೆ. ಓದೋ.”