ಎತ್ತು ಹೂಡದ ಸೋಮವಾರ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸ್ಕೂಟರ್, ಯುಗಾದಿಯಿಂದ ಗಣೇಶನ ಹಬ್ಬದವರೆಗೆ ನನ್ನ ಹಳೆಯ ನೈಲಾನ್ ಸೀರೆ ಹೊದ್ದುಕೊಂಡು ನಿಂತಿತ್ತು. ಮಗಳು ಮದುವೆಯಾಗಿ ಕೊಪ್ಪಳಕ್ಕೆ ಹೋಗುವಾಗ, "ಇದು ನಿನಗ ಮಮ್ಮಿ, ಕಲಿ" ಎಂದು ಬಿಟ್ಟುಹೋದದ್ದು. ನಾನೂ ಅದನ್ನು ಅಲಕ್ಷ್ಯ ಮಾಡಲಿಲ್ಲ. ಆಗಾಗ ಆ ಸೀರೆ ಒಗೆದು, ಒಣಗಿಸಿ, ಮತ್ತೆ ಹೊದಿಸುತ್ತಿದ್ದೆ. ಓಡಿಸಲಿಲ್ಲ, ಅಷ್ಟೇ.

ಹೊಲಿಗೆ ನನ್ನ ಕಸುಬು ಎಂಬುದು ನಿಮಗೆ ಗೊತ್ತು. (ಬ್ಲೌಸ್ ತಡವಾಯಿತೆಂದು ಬೈದವರೂ ನಿಮ್ಮಲ್ಲಿ ಇದ್ದೀರಿ.) ಕಮಲಾಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಒಂದು ಕೇಂದ್ರವಿದೆ. ಅಲ್ಲಿ ಟೀಚರ್ ಆಗಬೇಕೆಂಬುದು ನನ್ನ ಬಹುದಿನದ ಆಸೆ. ಶ್ರಾವಣದಲ್ಲಿ ಅಲ್ಲಿಯ ಮೇಡಂ ತಾವಾಗಿಯೇ ಫೋನ್ ಮಾಡಿದರು. ದೀಪಾವಳಿ ಆದಮೇಲೆ ಹೊಸ ಬ್ಯಾಚ್, ಬರ್ತೀರಾ?

"ಆದ್ರ ಒಂಬತ್ತಕ್ಕ ಕ್ಲಾಸ್‌ನಾಗ ಇರಬೇಕ್ರೀ. ಬಸ್ ಬರಲಿಲ್ಲ, ಆಟೋ ಸಿಗಲಿಲ್ಲ ಅನ್ನಂಗಿಲ್ಲ. ಹಿಂದಿನ ಟೀಚರ್‌ನ ಅದಕ್ಕ ಬಿಡಿಸೀವಿ."

"ಮನ್ಯಾಗ ಸ್ಕೂಟರ್ ಐತ್ರೀ ಮೇಡಂ" ಎಂದೆ.

ಸುಳ್ಳೇನಲ್ಲವಲ್ಲ! ಓಡಿಸಲು ಬರುತ್ತದೆ ಎಂದು ನಾನೆಲ್ಲಿ ಹೇಳಿದೆ?

ಅವತ್ತು ಗುರುವಾರ. ಸೋಮವಾರದಿಂದ ಕಲಿಯುವುದೆಂದು ನಿಶ್ಚಯಿಸಿದೆ. ಸೋಮವಾರ ಬೆಳಿಗ್ಗೆ ನಳದ ನೀರು ಬಂತು. ಮುಂದಿನ ಸೋಮವಾರ ಮರಿಯಮ್ಮನಹಳ್ಳಿಯಿಂದ ಯಜಮಾನರ ಗೆಳೆಯರು ಬಂದರು. ಅದರ ಮುಂದಿನದಕ್ಕೆ ಮಳೆ. (ಜೋರು ಮಳೆಯೇನಲ್ಲ, ನೆಪಕ್ಕೆ ಸಾಲುವಷ್ಟು.)

"ಸೋಮವಾರ ಅಂದಿದ್ದಿ. ಯಾವ ವರ್ಷದ್ದು ಅಂತ ಹೇಳಲಿಲ್ಲ ನೋಡು" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ನಾನೊಬ್ಬಳೇ ಅಲ್ಲ ಬಿಡಿ. ಡಯಟ್ ಸೋಮವಾರದಿಂದ. ವಾಕಿಂಗ್ ಸೋಮವಾರದಿಂದ. ಗುಟ್ಕಾ ಬಿಡುವುದೂ ಸೋಮವಾರದಿಂದ. ಯಾಕೆ, ಬುಧವಾರ ಏನು ಪಾಪ ಮಾಡಿದೆ? ಭಾನುವಾರದ ಊಟ ಒಂದು ಸುಸೂತ್ರವಾಗಿ ಮುಗಿಯಲಿ ಎಂದಿರಬೇಕು.

ಗಣೇಶನನ್ನು ಕಳಿಸಿದ ಮೇಲೆ ಅತ್ತೆ ಬಂದರು. ಅವರಿರುವುದು ಬುಕ್ಕಸಾಗರದಲ್ಲಿ, ನನ್ನ ಮೈದುನನ ಮನೆಯಲ್ಲಿ. ಅಲ್ಲೀಗ ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಇಳಿಯುತ್ತದೆ. ಅತ್ತೆಯ ಮಾತಿನಲ್ಲಿ ಮಾತ್ರ ಇನ್ನೂ ಎತ್ತುಗಳೇ. ಅವರೆದುರು ನಾಚಿಕೆಯಾದೀತೆಂದು ಆ ಸೋಮವಾರ ಬೆಳಗ್ಗೆ ನಾನು ಗಟ್ಟಿ ಮನಸ್ಸು ಮಾಡಿ ಸ್ಕೂಟರಿನ ಸೀರೆ ಎಳೆದೆ.

"ಏನ್ ಮಾಡಾಕತ್ತೀಯವಾ?"

"ಗಾಡಿ ಕಲಿಯಾಕ ಹೊಂಟೀನ್ರೀ ಅತ್ತಿ."

"ಇವತ್ತಾ? ಸೋಮಾರ ಯಾರಾರ ಹೂಡ್ತಾರೇನು?"

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಬಿತ್ತನೆಯ ಹದ ಆರಿಹೋಗುತ್ತಿದ್ದರೂ ಸರಿ, ಹೂಡುವುದಿಲ್ಲ. ಈ ನಿಯಮ ಸ್ಕೂಟರಿಗೂ ಅನ್ವಯಿಸುತ್ತದೋ ಇಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ. ಹಿರಿಯರ ಮಾತು ಮೀರಬಾರದು ನೋಡಿ. ಎಳೆದ ಸೀರೆಯನ್ನು ಅಷ್ಟೇ ಭಕ್ತಿಯಿಂದ ಮತ್ತೆ ಹೊದಿಸತೊಡಗಿದೆ.

"ಅದ್ಯಾಕ ಮುಚ್ಚಾಕತ್ತಿ?"

"ನೀವಽ ಬ್ಯಾಡ ಅಂದ್ರೆಲ್ರೀ."

"ಹೂಡಬ್ಯಾಡ ಅಂದೆ. ಕುಂದ್ರು ಅಂದೆನಾ?" ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಸೋಮಾರ ನಮ್ಮನ್ಯಾಗ ಗಂಡಸ್ರು ಒಬ್ರಾರ ಕುಂತಿದ್ರೇನು? ಎತ್ತು ಮೈ ತೊಳಿಯೋದು, ಹರದ ಹಗ್ಗ ಹೊಸೆಯೋದು, ಕಮ್ಮಾರನ ಹತ್ರ ನೇಗಿಲ ಕುಳ ತಟ್ಟಿಸ್ಕೊಂಡ್ ಬರೋದು. ಮಂಗಳವಾರ ಹೊತ್ತು ಹುಟ್ಟೋದ್ರಾಗ ಹಗ್ಗ ಇಲ್ಲ, ಕುಳ ಮೊಂಡು ಅಂತ ಯಾವನೂ ಬಾಯಿ ತೆರೀಬಾರ್ದು. ಅದಕ್ಕ ಸೋಮಾರ."

ನಾನು ಸೀರೆ ಹಿಡಿದುಕೊಂಡು ಹಾಗೇ ನಿಂತೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಈ ಆಚರಣೆ ಕೇಳುತ್ತಲೇ ಬಂದಿದ್ದೇನೆ. ಎತ್ತಿಗೆ ರಜೆ ಎಂದಷ್ಟೇ ತಿಳಿದಿದ್ದೆ. ನೆಪಗಳನ್ನು ಮುಗಿಸುವ ದಿನವೂ ಹೌದೆಂದು ಯಾರು ಯೋಚಿಸಿದ್ದರು?

ಆ ಸೋಮವಾರ ಅತ್ತೆ ನನ್ನನ್ನು ಕೂರಲು ಬಿಡಲಿಲ್ಲ. ಸ್ಕೂಟರನ್ನು ಅಂಗಳಕ್ಕೆ ತಳ್ಳಿಸಿ ತೊಳೆಸಿದರು. ಬ್ಯಾಟರಿ ಸತ್ತಿತ್ತು, ಮೆಕ್ಯಾನಿಕ್ ಬಂದು ಹೊಸದು ಹಾಕಿಹೋದ. ಟೈರಿಗೆ ಗಾಳಿ, ಟ್ಯಾಂಕಿಗೆ ಪೆಟ್ರೋಲ್. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮೊದಲೇ ಮಾಡಿಸಿದ್ದೆ, ಅದು ಬೀರುವಿನಲ್ಲಿ ಸೀರೆಗಳ ಅಡಿ ಸಿಕ್ಕಿತು. ಪಕ್ಕದ ಮನೆಯ ಗಿರಿಜಾ ನರ್ಸ್, ಸ್ಕೂಟರ್ ಮೇಲೆಯೇ ಡ್ಯೂಟಿಗೆ ಹೋಗುವವಳು. ಅತ್ತೆಯೇ ಅವಳನ್ನು ಕಾಂಪೌಂಡಿನಿಂದ ಕೂಗಿದರು. "ನಾಳೆ ಮುಂಜಾನೆ ನಮ್ಮ ಸೊಸೀಗೆ ಕಲಸ್ತಿಯೇನವಾ?"

"ಕಲಸ್ತೀನಿ ಅಜ್ಜಿ. ಅಕ್ಕ ಬರ್ತಾಳಾ ಕೇಳ್ರಿ ಮೊದ್ಲು!"

ನನ್ನ ಹತ್ತಿರ ಕೊನೆಯ ಅಸ್ತ್ರವೊಂದಿತ್ತು. ರಾತ್ರಿ ರೊಟ್ಟಿ ಬಡಿಯುತ್ತ ಮೆಲ್ಲಗೆ ಹೇಳಿದೆ: "ಅತ್ತಿ, ನಾಳೆ ಮಂಗಳವಾರ. ಹೊಸಾ ಕೆಲಸ ಶುರು ಮಾಡಬಾರ್ದು ಅಂತೀರಲ್ರೀ."

ಅತ್ತೆ ಮುರಿದ ರೊಟ್ಟಿಯನ್ನು ಪಲ್ಯಕ್ಕೆ ಅದ್ದಿದರು. "ಹೊಸಾದ್ಯಾವದು? ಇವತ್ತಽ ಶುರು ಆಗೇತೆಲ್ಲ."

ಯಜಮಾನರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ.

ಮಂಗಳವಾರ ಮೈದಾನದಲ್ಲಿ ಏನಾಯಿತು? ಬಿದ್ದೆ. ಬುಧವಾರವೂ ಬಿದ್ದೆ. "ಅಕ್ಕಾ, ಬ್ರೇಕ್ ಹಿಡೀ ಅಂದ್ರ ಕಣ್ಣು ಮುಚ್ತೀಯಲ್ಲ!" ಎಂದು ಗಿರಿಜಾ ತಲೆ ಚಚ್ಚಿಕೊಂಡಳು. ಮೊಣಕೈಗೆ ಅರಿಶಿನ ಹಚ್ಚಿಕೊಂಡು ಹೊಲಿಗೆ ಮಿಷನ್ ತುಳಿದೆ. ಆದರೆ ಒಂದು ವಿಚಿತ್ರ ನೋಡಿ, ಪಡಸಾಲೆಯಲ್ಲಿ ಸ್ಕೂಟರ್ ಮುಚ್ಚಿಟ್ಟಾಗ ಆಗುತ್ತಿದ್ದ ಹೆದರಿಕೆ, ಬಿದ್ದಮೇಲೆ ಕಡಿಮೆಯಾಯಿತು. ನೋವು ಎಷ್ಟೆಂದು ಗೊತ್ತಾಯಿತಲ್ಲ. ದಸರೆಗೆ ಆಯುಧ ಪೂಜೆಯಲ್ಲಿ ಮಿಷನ್ ಪಕ್ಕಕ್ಕೆ ಸ್ಕೂಟರಿಗೂ ಒಂದು ಚೆಂಡು ಹೂವಿನ ಹಾರ ಬಿತ್ತು. ದೀಪಾವಳಿಗೆ ಮುಂಚೆ, ಮೈದಾನದಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ತೋರಿಸಿ ಲೈಸೆನ್ಸ್ ಪಡೆದೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಮೈದಾನದ ಎಂಟು ಬೇರೆ, ಎದುರಿಗೆ ಲಾರಿ ಬರುವಾಗ ಬಲಕ್ಕೆ ತಿರುಗುವುದು ಬೇರೆ. ಅದು ನನಗೆ ಕೈಗೂಡಲಿಲ್ಲ. ಕ್ಲಾಸು ಶುರುವಾಗುವ ಹಿಂದಿನ ದಿನ, ಮೇಡಂಗೆ ಫೋನ್ ಮಾಡಿ ಇನ್ನೊಂದು ಸ್ವಲ್ಪ ಟೈಮ್ ಕೇಳಲೇ ಎಂದು ಯೋಚಿಸಿದೆ. ಪೂರ್ತಿ ಕಲಿತ ಮೇಲೆ ಹೋದರಾಯಿತು ಎಂಬ ಆ ಯೋಚನೆ ಎಷ್ಟು ಜಾಣತನದ್ದಾಗಿ ಕಂಡಿತು ಗೊತ್ತೇ?

ಫೋನ್ ಮಾಡಲಿಲ್ಲ. ಮರುದಿನ ಬೇಗ ಹೊರಟೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆಯೇ ಅರ್ಧ ದಾರಿ ಹೋದೆ, ಅದನ್ನು ಹಿಂದೆ ಹಾಕುವ ಉಸಾಬರಿಗೆ ಹೋಗಲಿಲ್ಲ. ಕಮಲಾಪುರದಲ್ಲಿ ಕೇಂದ್ರಕ್ಕೆ ಬಲಕ್ಕೆ ತಿರುಗಬೇಕು. ಎಡಕ್ಕೆ ನಿಲ್ಲಿಸಿದೆ, ಎಂಜಿನ್ ಬಂದ್ ಮಾಡಿದೆ, ಇಳಿದೆ. ಗಾಡಿ ತಳ್ಳಿಕೊಂಡು ರಸ್ತೆ ದಾಟಿದೆ.

ಚಹಾದಂಗಡಿಯವನು ಕೂಗಿದ: "ಅಕ್ಕಾರ, ಪೆಟ್ರೋಲ್ ಖಾಲಿ ಆತೇನ್ರೀ?"

"ಇಲ್ಲಪ್ಪಾ, ಧೈರ್ಯ!"

ಅವನು ನಕ್ಕ. ನಾನು ಒಳಗೆ ಹೋದೆ. ಒಂಬತ್ತಕ್ಕೆ ಇನ್ನೂ ಹೊತ್ತಿತ್ತು, ಬಾಗಿಲನ್ನೇ ತೆರೆದಿರಲಿಲ್ಲ.

ಈಗಲೂ ದಿನಾ ಆ ತಿರುವಿನಲ್ಲಿ ಇಳಿದು ತಳ್ಳಿಕೊಂಡೇ ದಾಟುತ್ತೇನೆ. ಆದರೇನು, ಅಲ್ಲಿ ಟೀಚರ್ ನಾನೇ ಅಲ್ಲವೇ?