ಒಂದೇ ಕಡೆ ಉಣ್ಣುವ ಗಾದಿಲಿಂಗಪ್ಪನ ಕಾರು ವ್ಯಾಪಾರ

ಕಂಪ್ಲಿಯ ದನದ ಸಂತೆಯಲ್ಲಿ ಗಾದಿಲಿಂಗಪ್ಪನ ದನಿ ಕೇಳಿದರೆ ಎತ್ತುಗಳೂ ತಿರುಗಿ ನೋಡುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಸ್ವಲ್ಪ ಅತಿಯಾಯಿತು, ಬಿಡಿ. ಆದರೆ ಮೂವತ್ತು ವರ್ಷ ದಲ್ಲಾಳಿ ಕೆಲಸ ಮಾಡಿಯೂ ಯಾರಿಂದಲೂ ಬೈಸಿಕೊಳ್ಳದ ಮನುಷ್ಯ ಅವನೊಬ್ಬನೇ ಎಂಬುದು ಮಾತ್ರ ಖರೆ. ದಲ್ಲಾಳಿಗಳ ಸಂಗತಿ ನಿಮಗೂ ಗೊತ್ತಿದ್ದದ್ದೇ. ಕೊಳ್ಳುವವನ ಹತ್ತಿರ ಒಂದಿಷ್ಟು, ಮಾರುವವನ ಹತ್ತಿರ ಒಂದಿಷ್ಟು ಇಸಿದುಕೊಂಡು, ಇಬ್ಬರಿಗೂ 'ನಿನ್ನ ಸಲುವಾಗಿ ಬಡಿದಾಡಿದೆ' ಎಂದು ಹೇಳಿ ಮನೆಗೆ ಹೋಗುವ ಜಾತಿ ಅದು. ಗಾದಿಲಿಂಗಪ್ಪ ಹಾಗಲ್ಲ. ಯಾರು ಕರೆದರೋ ಅವರ ಕೂಲಿ ಮಾತ್ರ ಅವನಿಗೆ. "ನಾ ಒಂದ ಕಡಿ ಉಣ್ಣೋ ಮನಶ್ಯಾ" ಎಂದು ಎದೆ ತಟ್ಟಿ ಹೇಳುತ್ತಿದ್ದ. ಅದನ್ನು ಹೇಳುವಾಗ ದನಿ ಸ್ವಲ್ಪ ಜೋರಾಗಿಯೇ ಇರುತ್ತಿತ್ತು.

ಸಂತೆಯ ವ್ಯಾಪಾರವೆಲ್ಲ ಟವಲ್ಲಿನ ಕೆಳಗೆ. ಇಬ್ಬರ ಕೈಯ ಮೇಲೆ ಒಂದು ಟವಲ್ ಹೊದಿಸಿ, ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರಾ ಮುಷ್ಟಿ ಹಿಡಿದರೆ ಐದು. ಸುತ್ತ ನಿಂತವರಿಗೆ ದರ ಗೊತ್ತಾಗಬಾರದು, ಅದಕ್ಕೆ. ಆ ಬೆರಳುಗಳಿಗೆ ಇನ್ನೊಂದು ಮಾತೂ ಬರುತ್ತಿತ್ತು. ಬೆರಳು ಹಿಡಿದು, ಆಮೇಲೆ ಹೆಬ್ಬೆರಳಿನಿಂದ ಅಂಗೈಯನ್ನು ಮೆಲ್ಲಗೆ ಒತ್ತಿದರೆ 'ಇಷ್ಟು ನಿನಗೆ, ನಿನ್ನ ಮಾಲಕನಿಗೆ ಹೇಳಬೇಡ' ಎಂದರ್ಥ. ಹಾಗೆ ಯಾರಾದರೂ ಒತ್ತಿದರೋ, ಗಾದಿಲಿಂಗಪ್ಪ ಟವಲ್ ಕಿತ್ತೆಸೆದು ಸಂತೆಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ: "ಲೇ, ಯಾರ ಕೈ ಅಂತ ಒತ್ತಾಕತ್ತೀಯೋ? ಗಾದಿಲಿಂಗನ ಕೈ ಐತಿದು!" ಜನ ನಗುತ್ತಿದ್ದರು, ಒತ್ತಿದವನು ತಲೆ ತಗ್ಗಿಸಿಕೊಂಡು ಜಾಗ ಖಾಲಿ ಮಾಡುತ್ತಿದ್ದ.

ಇಂಥವನನ್ನು ಎಂಬತ್ತೆಂಟನೇ ಇಸವಿಯಲ್ಲಿ ನೀಲಗಂಗಮ್ಮ ಕಾರು ಕೊಡಿಸಲು ಕರೆದಳು.

ನೀಲಗಂಗಮ್ಮನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಗಂಡ ಜಡೆಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾಲುವೆ ನೀರು ಬಂದು ಎರಡು ಬೆಳೆ ಬೆಳೆಯುವ ಕಾಲ, ಗಿರಣಿ ನಿಲ್ಲುವ ಮಾತೇ ಇಲ್ಲ. ಹೆಂಗಸು ಗಿರಣಿ ನಡೆಸಿಯಾಳೇ ಎಂದು ಮೂಗು ಮುರಿದವರೇ ಈಗ ಭತ್ತದ ಚೀಲ ಹೊತ್ತು ಅವಳ ಬಾಗಿಲಿಗೆ ಬರುತ್ತಿದ್ದರು. ಆದರೆ ಹೊಸಪೇಟೆಯ ಬ್ಯಾಂಕಿಗೆ ಹೋಗಬೇಕೆಂದರೆ ಲಾರಿಯ ಕ್ಯಾಬಿನ್ನು ಹತ್ತಬೇಕು. ಹತ್ತುವಾಗ ಸೀರೆ ಎತ್ತಿ ಹಿಡಿಯಬೇಕು, ಕೆಳಗೆ ನಿಂತ ಹಮಾಲರು ಮುಖ ತಿರುಗಿಸಿ ನಗಬೇಕು. ಅವಳಿಗೆ ಸಾಕಾಗಿತ್ತು.

"ಮಾವ, ನಾ ಹೆಣಮಗಳು ಅಂತ ಷೋರೂಮಿನವ್ರು ಟೋಪಿ ಹಾಕ್ತಾರ. ಇವ್ರು ಇದ್ದಾಗ ಒಂದು ಹೋರಿಕರ ತಂದ್ರೂ ನಿನ್ನ ಬಿಟ್ಟು ತರಲಿಲ್ಲ. ನೀ ಬಂದು ಮಾತಾಡು" ಎಂದಳು. ರಕ್ತಸಂಬಂಧವೇನಿಲ್ಲ, ಜಡೆಪ್ಪನ ಗೆಳೆಯನೆಂದು ಮಾವ ಎನ್ನುತ್ತಿದ್ದಳು.

ಗಾದಿಲಿಂಗಪ್ಪ ಅಲ್ಲಿಯವರೆಗೆ ಕಾರಿನೊಳಗೆ ಕೂತದ್ದು ಒಂದೇ ಸಲ, ಅದೂ ಯಾರದೋ ಮದುವೆಯಲ್ಲಿ. ಆದರೂ ಮೀಸೆ ಸವರಿಕೊಂಡು, "ಎತ್ತಾದ್ರೇನು, ಕಾರಾದ್ರೇನವ್ವ, ಮಾರೋನ ಮುಖ ಒಂದ ಇರತೈತಿ. ಆದ್ರ ನಾ ಮಾತಾಡೋ ಮುಂದ ನೀ ಬಾಯಿ ಬಿಡಬ್ಯಾಡ. ಮಾಲಕರು ಬಾಯಿ ಬಿಟ್ಟರ ವ್ಯಾಪಾರ ಕೆಡತೈತಿ" ಎಂದ. ಸಂತೆಯ ಕಟ್ಟಳೆ ಅದು. ದಲ್ಲಾಳಿ ಕೈ ಹಾಕಿದ ಮೇಲೆ ಮಾಲಕ ಮೂಕ.

ಹೊಸಪೇಟೆಯ ಆ ಷೋರೂಮಿನೊಳಗೆ ಕಾಲಿಟ್ಟದ್ದೇ ಗಾದಿಲಿಂಗಪ್ಪನ ಅರ್ಧ ಜೀವ ಹಾರಿತು. ನೆಲ ಎಷ್ಟು ನುಣ್ಣಗಿತ್ತೆಂದರೆ ಕೆರ ಬಾಗಿಲಲ್ಲೇ ಬಿಟ್ಟು ಬಂದ. ಬಿಟ್ಟು ಬಂದ ಮೇಲೆ ನೋಡಿದರೆ ಮಿಕ್ಕವರೆಲ್ಲ ಬೂಟು ಹಾಕಿಕೊಂಡೇ ಓಡಾಡುತ್ತಿದ್ದಾರೆ! ಮತ್ತೆ ಹೋಗಿ ಹಾಕಿಕೊಂಡರೆ ಇನ್ನೂ ನಗೆಪಾಟಲು. ಬರಿಗಾಲಿನಲ್ಲೇ ನಿಂತ.

ನಡುವೆ ಬಿಳಿ ಅಂಬಾಸಿಡರ್ ನಿಂತಿತ್ತು. ಗಾದಿಲಿಂಗಪ್ಪ ಅಭ್ಯಾಸದಂತೆ ಅದರ ಸುತ್ತ ಒಂದು ಸುತ್ತು ಹಾಕಿ, ಮುಖ ಕಿವುಚಿ, "ಬಣ್ಣ ಪೇಲವ ಐತಿ. ಹಿಂದಿನ ಭಾಗ ಇಳಿದಂಗ ಕಾಣತೈತಿ" ಎಂದು ಐಬು ತೆಗೆದ. ಸೇಲ್ಸಿನ ಹುಡುಗಿ ನಯವಾಗಿ ನಕ್ಕು ಅಚ್ಚು ಹಾಕಿದ ದರಪಟ್ಟಿ ಕೈಗಿತ್ತಳು. ಅವನಿಗೆ ಓದಲು ಬಾರದು. 'ಬ್ಯಾಡ ನಡಿಯವ್ವ' ಎಂದು ಹೊರಟವನಂತೆ ನಾಲ್ಕು ಹೆಜ್ಜೆ ಹಾಕಿದ. ಸಂತೆಯಲ್ಲಾದರೆ ಮೂರನೇ ಹೆಜ್ಜೆಗೇ 'ಏ ಗೌಡ, ಬಾ ಇಲ್ಲಿ' ಎಂಬ ಕೂಗು ಬರಬೇಕು. ಇಲ್ಲಿ ಯಾರೂ ಕೂಗಲಿಲ್ಲ. ಬಾಗಿಲು ಬಂದುಬಿಟ್ಟಿತು. ತಾನೇ ತಿರುಗಿ ಬಂದ.

ಅಷ್ಟರಲ್ಲಿ ನೀಲಗಂಗಮ್ಮ ಕೈಚೀಲದ ಬಾಯಿ ತೆರೆದು ಏನೋ ಕಾಗದ ಹೊರತೆಗೆಯಲು ಹೋದಳು. ಗಾದಿಲಿಂಗಪ್ಪ ಕಣ್ಣಲ್ಲೇ ಗದರಿದ. ಅವಳು ಚೀಲ ಮುಚ್ಚಿ ಸುಮ್ಮನೆ ಕೂತಳು.

ಆಗ ಒಳಗಿನ ಕೋಣೆಯಿಂದ ಬಂದವನೇ ಪಂಪಣ್ಣ, ಅಲ್ಲಿಯ ಸೇಲ್ಸ್ ಮ್ಯಾನೇಜರು. ಮೂವತ್ತರ ಪ್ರಾಯ, ಇಸ್ತ್ರಿ ಅಂಗಿ. ಮುದುಕನ ಹೆಗಲ ಮೇಲಿನ ಟವಲ್ಲು ನೋಡಿ ಅವನ ಕಣ್ಣು ಮಿಂಚಿತು.

"ಯಜಮಾನ್ರು ದನದ ಯಾಪಾರದವ್ರಲ್ಲ? ನಮ್ಮಜ್ಜನೂ ಅದ ಕಸುಬು, ಚೋರನೂರು ಕಡಿ. ಬರ್ರಿ, ಕುಂದ್ರಿ. ಟವಲ್ ಹಾಕ್ರಿ, ನೋಡೇ ಬಿಡೋಣ!"

ಗಾದಿಲಿಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಅಬ್ಬಾ, ಇಲ್ಲೊಬ್ಬ ಮನುಷ್ಯ ಸಿಕ್ಕನಲ್ಲ! ಟವಲ್ ಹೊದಿಸಿದ. ಸಾವಿರದ ಲೆಕ್ಕ ಎಂದು ಮೊದಲೇ ಬಾಯಿಮಾತು ಆಯಿತು. ಪಂಪಣ್ಣ ಒಂದು ಬೆರಳು ಹಿಡಿದ: ಒಂದು ಸಾವಿರ ಬಿಡುತ್ತೇನೆ. ಗಾದಿಲಿಂಗಪ್ಪ ಮೂರು ಹಿಡಿದ. ಪಂಪಣ್ಣ ತಲೆಯಾಡಿಸಿ ಮತ್ತೆ ಒಂದೇ ಹಿಡಿದ. ಗಾದಿಲಿಂಗಪ್ಪ ಮತ್ತೆ ಮೂರು. ಆಗ ಪಂಪಣ್ಣ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದು ಬಿಟ್ಟ, ಆಮೇಲೆ ಎರಡು ಬೆರಳು ಹಿಡಿದು, ಹೆಬ್ಬೆರಳಿನಿಂದ ಅಂಗೈ ಒತ್ತಿದ.

ಆಯಮ್ಮನಿಗೆ ಒಂದು, ನಿನಗೆ ಎರಡು.

ಟವಲ್ ಕಿತ್ತೆಸೆಯಬೇಕಿತ್ತು. ಮೂವತ್ತು ವರ್ಷ ಕಿತ್ತೆಸೆದ ಕೈ ಅದು, ಏಳಲೇ ಇಲ್ಲ. ಯಾಕೆ ಏಳಲಿಲ್ಲ ಎಂದು ಅವನು ಆಮೇಲೆ ಎಷ್ಟು ದಿನ ಕೇಳಿಕೊಂಡನೋ. ಬಡತನವೇನೂ ಇರಲಿಲ್ಲ. ಕಡೆಗೆ ಹೊಳೆದ ಉತ್ತರ ಅವನ ಮುಖಕ್ಕೇ ಹೊಡೆದಂತಿತ್ತು. ಸಂತೆಯಲ್ಲಿ ಸುತ್ತ ನೂರು ಜನ ನಿಂತಿರುತ್ತಿದ್ದರು, ಅವನ ಕೂಗು ಕೇಳಿ 'ಭಲೇ' ಎನ್ನುತ್ತಿದ್ದರು. ಇಲ್ಲಿ ಕೂಗಿದರೆ ಕೇಳುವವರು ಯಾರು? ಮೇಲೊಂದು ಫ್ಯಾನು ತಿರುಗುತ್ತಿತ್ತು, ಅಷ್ಟೇ. ಅಂದರೆ ಇಷ್ಟು ವರ್ಷದ ತನ್ನ ನಿಯತ್ತೆಲ್ಲ ಜನ ನೋಡಲಿ ಎಂದು ಮಾಡಿದ್ದೇ? ಥೂ ನಿನ್ನ, ಎಂದು ತನಗೆ ತಾನೇ ಉಗುಳಿಕೊಳ್ಳುವಂತಾಯಿತು.

ಆದರೆ ಅದು ಆಮೇಲಿನ ಮಾತು. ಆ ಹೊತ್ತಿನಲ್ಲಿ ಅವನು ಪಂಪಣ್ಣನ ಕೈಯನ್ನು ತಿರುಗಿ ಅದುಮಿದ. ಅದುಮಿದರೆ ವ್ಯಾಪಾರ ಮುಗಿದಂತೆ.

"ಒಂದು ಸಾವಿರ ಬಿಟ್ಟಾರವ್ವ" ಎಂದ ನೀಲಗಂಗಮ್ಮನಿಗೆ, ಅವಳ ಕಣ್ಣು ತಪ್ಪಿಸಿ. "ಇದಕ್ಕ ಕೆಳಗ ಬರಂಗಿಲ್ಲ."

ನೀಲಗಂಗಮ್ಮ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ "ಆತು ಮಾವ, ನೀ ಹೇಳಿದ ಮ್ಯಾಲ ಮುಗೀತು" ಎಂದು ಕಾಗದಗಳಿಗೆ ರುಜು ಹಾಕಲು ಎದ್ದಳು. ಅವಳು ಒಳಗೆ ಹೋದಾಗ ಪಂಪಣ್ಣ ಗಾದಿಲಿಂಗಪ್ಪನ ಬನಿಯನ್ ಜೇಬಿಗೆ ಒಂದು ಲಕೋಟೆ ತುರುಕಿ, ಬೆನ್ನು ತಟ್ಟಿ, "ನಮ್ಮಜ್ಜ ಇದ್ದಿದ್ದರ ಖುಷಿ ಪಡ್ತಿದ್ದ" ಎಂದು ನಕ್ಕ.

ಎರಡು ದಿನ ಬಿಟ್ಟು ಕಾರು ಬಂತು. ಮೊದಲು ಹಂಪಿಗೆ ಹೋಗಿ ಪೂಜೆ ಮಾಡಿಸಿಯೇ ಊರಿಗೆ ಎಂದು ನೀಲಗಂಗಮ್ಮನ ಹಟ. ಗಾದಿಲಿಂಗಪ್ಪನನ್ನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂರಿಸಿದಳು. ತಾನು, ಕಾಲೇಜು ಓದುವ ಮಗಳು ಕೊಟ್ರಮ್ಮ ಹಿಂದೆ. ಹಂಪಿ ಬಜಾರಿನಲ್ಲಿ ಕಾರಿಗೆ ಹೂವಿನ ಹಾರ ಬಿತ್ತು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು.

"ಕಾಯಿ ನೀ ಒಡಿ ಮಾವ. ಕೊಡಿಸಿದ ಕೈ ನಿಂದು" ಎಂದಳು.

"ನಾ ಬ್ಯಾಡವ್ವ, ನೀನ ಒಡಿ."

"ಏ, ಹಿರೇರು ಬ್ಯಾಡ ಅನಬಾರದು!"

ಒಡೆದ. ಎರಡು ಏಟಿಗೂ ಒಡೆಯಲಿಲ್ಲ, ಮೂರನೆಯದಕ್ಕೆ ಒಡೆಯಿತು. ಲಕೋಟೆ ಇನ್ನೂ ಬನಿಯನ್ನಿನ ಜೇಬಿನಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿಕೊಂಡಿತ್ತು. ಮನೆಯಲ್ಲಿಟ್ಟರೆ ಹೆಂಡತಿ ಹೊಳೆಮ್ಮನ ಕಣ್ಣಿಗೆ ಬೀಳುತ್ತದೆಂದು ಹೊತ್ತುಕೊಂಡೇ ತಿರುಗುತ್ತಿದ್ದ. ವಿರೂಪಾಕ್ಷನ ಗೋಪುರದ ಕಡೆ ತಲೆ ಎತ್ತಲು ಆಗಲಿಲ್ಲ ಅವನಿಗೆ.

ಕಮಲಾಪುರ ದಾಟಿ, ಕಾಲುವೆಯ ಪಕ್ಕದ ರಸ್ತೆ ಹಿಡಿದು ಕಂಪ್ಲಿ ಸೇರುವವರೆಗೂ ನೀಲಗಂಗಮ್ಮ ಒಂದೇ ಸಮ ಮಾತಾಡಿದಳು. ಇನ್ನು ಮೇಲೆ ಲಾರಿ ಹತ್ತುವ ಗೋಳಿಲ್ಲ, ಮಗಳು ಬಸ್ಸಿನಲ್ಲಿ ನೇತಾಡುವ ಗೋಳಿಲ್ಲ, ಎಲ್ಲ ಮಾವನಿಂದ ಆಯಿತು. ಗಾದಿಲಿಂಗಪ್ಪ ಗಾಜಿನ ಹೊರಗೆ ನೋಡುತ್ತ ಹೂಂ ಅಂದ. ದಲ್ಲಾಳಿಯ ಕೂಲಿ ಎಂದು ಅವಳು ಧೋತರ ಜೋಡಿಯನ್ನೂ ನೂರು ರೂಪಾಯಿಯನ್ನೂ ಕೊಡಲು ಬಂದಾಗ ಬೇಡವೇ ಬೇಡ ಎಂದು ಕೈ ಮುಗಿದು ಓಡಿಹೋದ. ಅದಕ್ಕೂ ಊರಲ್ಲಿ ಹೊಗಳಿಕೆ! ನೋಡ್ರಿ, ಕೂಲಿ ಸೈತ ಮುಟ್ಟಲಿಲ್ಲ ಪುಣ್ಯಾತ್ಮ, ಎಂದರು ಜನ.

ಹನ್ನೆರಡು ದಿನ ಹೇಗೋ ಕಳೆದ. ಸಂತೆಗೆ ಹೋದರೆ ಟವಲ್ಲಿನ ಕೆಳಗೆ ಕೈ ಇಡಲು ಮನಸ್ಸು ಬಾರದು. "ಏನಾತು ನಿಮಗ, ಯಾರರ ಏನರ ಅಂದ್ರ?" ಎಂದು ಹೊಳೆಮ್ಮ ಕೇಳಿ ಕೇಳಿ ಸೋತಳು. ಹದಿಮೂರನೆಯ ದಿನ ಬೆಳಗ್ಗೆ ಎದ್ದವನೇ, ಆದದ್ದಾಗಲಿ, ಉಗುಳಿದರೆ ಉಗುಳಲಿ ಎಂದು ಗಿರಣಿಗೆ ಹೋದ.

ನೀಲಗಂಗಮ್ಮ ಆಫೀಸಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಗಾದಿಲಿಂಗಪ್ಪ ಕೂರಲಿಲ್ಲ. ಲಕೋಟೆ ತೆಗೆದು ಮೇಜಿನ ಮೇಲಿಟ್ಟ.

"ಏನ ಮಾವ ಇದು?"

"ಎರಡು ಸಾವಿರ. ನಿಂದ. ಕಾರಿನ ಯಾಪಾರದಾಗ ಆ ಪಂಪಣ್ಣ ನನಗ ಕೊಟ್ಟ. ಮೂರು ಸಾವಿರ ಕಡಿಮಿ ಆಗತಿತ್ತವ್ವ, ನಾ ಎರಡು ತಿಂದೆ." ಲಕೋಟೆಯನ್ನು ಅವಳತ್ತ ಸರಿಸಿದ. "ಕಳ್ಳತನ ಮಾಡೀನಿ. ನಿನ್ನ ಮುಂದ ಕುಂತ, ನಿನಗ ಕಳ್ಳತನ ಮಾಡೀನಿ."

ನೀಲಗಂಗಮ್ಮ ಮೇಜಿನ ಖಾನೆ ಎಳೆದು ಎರಡು ಕಾಗದ ತೆಗೆದಳು.

"ಇವೇನು ಗೊತ್ತೇನು? ಹುಬ್ಬಳ್ಳಿದೊಂದು, ಬಳ್ಳಾರಿದೊಂದು. ಕೊಟ್ರಮ್ಮ ಮುಂಚೇನ ಅಲ್ಲೀ ಷೋರೂಮಿನವ್ರಿಗೆ ಪತ್ರ ಬರದು ದರ ತರಿಸಿದ್ಲು. ಹುಬ್ಬಳ್ಳಿಯವ್ರು ಮೂರು ಸಾವಿರ ಕಡಿಮಿಗೆ ಕೊಡ್ತೀನಿ ಅಂತ ಬರದಿದ್ರು. ಇದನ್ನ ತೋರಿಸಿದ್ರ ಇಲ್ಲೂ ಅಷ್ಟಕ್ಕ ಕೊಡ್ತಿದ್ರು. ಆವತ್ತು ಚೀಲದಾಗ ಇದ್ದವು ಇವು. ನೀ ಬ್ಯಾಡಂದಿ."

"ಅಂದ್ರ ನಿನಗ ಆವತ್ತ ಗೊತ್ತಿತ್ತು..."

"ಗೊತ್ತಿತ್ತು. ವಯಸ್ಸಾತು, ಮಾವನ ಕೈ ಸೋತೈತಿ ಅನ್ಕೊಂಡೆ. ಆ ಷೋರೂಮಿನವ್ರ ಮುಂದ ನಾ ಕಾಗದ ತಗದು ತೋರಿಸಿದ್ರ ನಿನ್ನ ಮರ್ಯಾದಿ ಏನಾಗಬೇಕು? ಎರಡು ಸಾವಿರಕ್ಕ ನಿನ್ನ ಮೂವತ್ತು ವರ್ಷದ ಹೆಸರು ಕೆಡಿಸಲೇನು? ಹೋಗ್ಲಿ ಅಂತ ಸುಮ್ನಾದೆ."

ಗಾದಿಲಿಂಗಪ್ಪ ಹಿಂದೆ ಸರಿದು ಗೋಡೆಗೆ ಒರಗಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ.

"ಸೋತಿಲ್ಲವ್ವ, ಕೈ ಸೋತಿಲ್ಲ. ಕದ್ದೈತಿ. ತಗೋ ಇದನ್ನ."

ನೀಲಗಂಗಮ್ಮನ ಕಣ್ಣಲ್ಲಿ ನೀರು ಬಂತು. ಲಕೋಟೆಯನ್ನು ಅವನ ಕಡೆಗೇ ದೂಡಿದಳು.

"ಸಾಕು ಮಾವ. ನನಗ ತಿಳಿಯಂಗಿಲ್ಲ ಅನ್ಕೊಂಡಿಯೇನು? ನನಗ ಹೆಚ್ಚಿಗಿ ಬಿತ್ತು ಅಂತ ಯಾರೋ ನಿನ್ನ ಕಿವೀಗೆ ಹಾಕ್ಯಾರ. ಅದಕ್ಕ ನಿನ್ನ ಕೈಲಿಂದ ರೊಕ್ಕ ಹಾಕಿ ಕೊಡಾಕ ಬಂದೀ. ಸುಮ್ನ ಕೊಟ್ರ ನಾ ತಗಳಂಗಿಲ್ಲ ಅಂತ ಈ ಕಳ್ಳತನದ ಕತಿ ಬ್ಯಾರೆ ಕಟ್ಟೀ. ಗಾದಿಲಿಂಗಪ್ಪ ಎರಡು ಕಡಿ ಉಂಡ ಅಂದ್ರ ಯಾರು ನಂಬಬೇಕು?"

"ಖರೇನ ಹೇಳಾಕತ್ತೀನಿ! ನಿನ್ನ ಮಗಳ ಆಣಿ..."

"ಆಣಿ ಗೀಣಿ ಬ್ಯಾಡ" ಎಂದು ತಡೆದು, ಒಳಗಿನ ಬಾಗಿಲ ಕಡೆ ಕೂಗಿದಳು: "ಕೊಟ್ರಮ್ಮಾ, ಬಾ ಇಲ್ಲಿ. ತಾತನ ಕಾಲು ಮುಟ್ಟಿ ನಮಸ್ಕಾರ ಮಾಡು. ಮನಶ್ಯಾರು ಅಂದ್ರ ಹಿಂಗಿರಬೇಕು."

ಹುಡುಗಿ ಬಂದಳು, ಬಗ್ಗಿದಳು. ಗಾದಿಲಿಂಗಪ್ಪ ಕಾಲು ಹಿಂದಕ್ಕೆಳೆದುಕೊಳ್ಳಲು ನೋಡಿದ. ಹಿಂದೆ ಗೋಡೆ ಇತ್ತು.

ಆ ಕತೆ ಸಂಜೆಯೊಳಗೆ ಊರೆಲ್ಲ ಹಬ್ಬಿತು. ವ್ಯಾಪಾರದಲ್ಲಿ ಸೋತೆನೆಂದು ತನ್ನ ಗಂಟಿನಿಂದ ತುಂಬಿಕೊಡಲು ಹೋದನಂತೆ, ಆಯಮ್ಮ ಮುಟ್ಟಲೇ ಇಲ್ಲವಂತೆ! ಅವನು ಇಬ್ಬರು ಮೂವರ ಹತ್ತಿರ 'ಹಂಗಲ್ಲೋ, ನಾ ಖರೇನ ತಿಂದಿದ್ದೆ' ಎಂದು ಹೇಳಿ ನೋಡಿದ. ಹೇಳಿದಷ್ಟೂ ಅವರು ಕೈ ಮುಗಿದರು. ಆಮೇಲೆ ಹೇಳುವುದನ್ನು ಬಿಟ್ಟ. ಸಂತೆಗೆ ಹೋಗುವುದನ್ನೂ ಬಿಟ್ಟ. ಅವನು ಬದುಕಿರುವವರೆಗೂ ಜನ ಎತ್ತು ಕೊಳ್ಳುವ ಮುಂಚೆ ಅವನ ಮನೆಗೆ ಬಂದು, "ನೀ ಯಾಪಾರಕ್ಕ ಬರೋದು ಬ್ಯಾಡ ಬಿಡು, ನಿನ್ನಂಥವನ ಕೈಯಾಗಿನ ಒಂದು ರೂಪಾಯಿ ಕೊಡು, ಬರಕತ್ತಾಗತೈತಿ" ಎಂದು ಅಂಗೈ ಚಾಚುತ್ತಿದ್ದರು. ಇಲ್ಲ ಎಂದರೆ ಏಳುತ್ತಿರಲಿಲ್ಲ. ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡು ಕೊಡುತ್ತಿದ್ದ.