ಹುಲ್ಲಾಗಿಹೋದ ಕಂಬಳಿ

ಚಳಿಗೆಂದು ಟ್ರಂಕಿನಿಂದ ಕಂಬಳಿ ತೆಗೆದಾಗ ಹುಣಸೆಬೀಜದ ಗಂಜಿಯ ವಾಸನೆ ಬಂತು. ಚಳ್ಳಕೆರೆಯಲ್ಲಿ ನೇಯ್ದ ಕಂಬಳಿಗೆ ಆ ಗಂಜಿ ಹಚ್ಚುತ್ತಾರೆ. ಹೊಸದರಲ್ಲಿ ಹಲಗೆಯಂತೆ ಸೆಟೆದಿರುತ್ತದೆ. ವಾಸನೆಯ ಹಿಂದೆಯೇ ಬಿ.ಜಿ. ಕೆರೆಯ ಕುರಿ ಕಾಯುವ ಅಜ್ಜ ನೆನಪಾದರು. ಅವರು ತೀರಿಕೊಂಡು ಎರಡು ವರ್ಷವೋ, ಮೂರೋ...

ಅವರಿದ್ದಾಗ ನನಗೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು. ಕಾಲೇಜಿನ ಪಾಠ ಮುಗಿಸಿ ಸಂಜೆ ಬಯಲಿಗೆ ಹೋದರೆ ಗೌಜಲಕ್ಕಿಗಳು ನನ್ನನ್ನು ಕಂಡೊಡನೆ ಪೊದೆ ಸೇರುತ್ತಿದ್ದವು. ಅಜ್ಜ ನಗುತ್ತಿದ್ದರು. "ನೀವು ಮನ್ಷರಂಗೆ ಬಂದ್ರೆ ಅವು ನಿಲ್ಲಲ್ಲ ಮೇಷ್ಟ್ರೇ. ಕುರಿಯಂಗೆ ಬರ್ರಿ."

ಹಾಗೆಯೇ ಮಾಡಿದೆ. ಮಂದೆಯ ನಡುವೆ ಬಗ್ಗಿ ನಡೆದೆ. ಅಜ್ಜ ತಲೆಯ ಮೇಲೆ ಕಂಬಳಿ ಹೊದ್ದು ಬಂಡೆಯಂತೆ ಕುಳಿತರು. ಹೊತ್ತು ಮುಳುಗುವಾಗ ಒಂದು ಗೌಜಲಕ್ಕಿ ಅವರಿಂದ ಎರಡು ಮಾರು ದೂರಕ್ಕೆ ಬಂದು ನಿಂತಿತು. ಫೋಟೊ ತೆಗೆದೆ.

ಮನೆಗೆ ಬಂದು ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿದೆ. ಸಂಜೆಯ ಕೆಂಪು ಹೆಚ್ಚಾಯಿತೆಂದು ತಗ್ಗಿಸಿದೆ. ರೆಕ್ಕೆಯ ಗೆರೆಗಳು ಕಾಣಲೆಂದು ಬೆಳಕು ಏರಿಸಿದೆ. ಎಡಮೂಲೆಯಲ್ಲಿ ಅಜ್ಜನ ಕಂಬಳಿ ಕಪ್ಪು ಮಚ್ಚೆಯಂತೆ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ಅಳಿಸಿ, ಪಕ್ಕದ ಹುಲ್ಲನ್ನೇ ಎಳೆದು ತುಂಬಿದೆ. ಪ್ರಿಂಟ್ ಹಾಕಿಸಿ ಹೆಮ್ಮೆಯಿಂದ ಒಯ್ದು ಕೊಟ್ಟೆ.

ಅಜ್ಜ ಬಹಳ ಹೊತ್ತು ನೋಡಿದರು. "ಹಕ್ಕಿ ಐತೆ. ನಾನೆಲ್ಲಿಗೆ ಹೋದೆ?"

"ಚಿತ್ರಕ್ಕೆ ಅಡ್ಡ ಬರ್ತಿತ್ತಜ್ಜ, ತೆಗೆದೆ."

"ನಾ ಕುಂತಿದ್ಕೇ ಅದು ಬಂದಿದ್ದು," ಎಂದರು. ಸಿಟ್ಟಿನಿಂದಲ್ಲ... ಅಥವಾ ಸಿಟ್ಟಿರಲಿಲ್ಲವೆಂದು ಈಗ ನಂಬಲು ನನಗೆ ಅನುಕೂಲ. ಸರಿಮಾಡಿ ತರುತ್ತೇನೆಂದೆ. ತರಲಿಲ್ಲ. ಅವರ ಬೇರೆ ಫೋಟೊ ಒಂದೂ ನನ್ನಲ್ಲಿಲ್ಲ.

ಕಂಬಳಿಯನ್ನು ಕುರ್ಚಿಯ ಮೇಲೆ ಹಾಕಿ, ಮೂಲ ಚಿತ್ರ ಹುಡುಕಿ ತೆರೆದೆ. ಕಪ್ಪು ಮಚ್ಚೆ ಅಲ್ಲೇ ಇತ್ತು. ಒಳಗೆ ಏನಿರಬಹುದೆಂಬ ಕುತೂಹಲಕ್ಕೆ ಅಷ್ಟು ಜಾಗದ ಬೆಳಕನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಏರಿಸಿದೆ. ಮೊದಲು ಕತ್ತಲ ಚಿತ್ರಕ್ಕೆ ಬೆಳಕು ಏರಿಸಿದಾಗ ಏಳುವ ಮರಳಿನಂಥ ಕಾಳುಗಳು, ಆಮೇಲೆ ಕಂಬಳಿಯ ಅಂಚು, ಮೂಗು, ಒಂದು ಕೆನ್ನೆ. ಅಜ್ಜ ಹಕ್ಕಿಯನ್ನೇ ನೋಡುತ್ತಿದ್ದರೆಂದು ಇಷ್ಟು ದಿನ ನೆನಪಿಟ್ಟುಕೊಂಡಿದ್ದೆ. ಚಿತ್ರದಲ್ಲಿ ಅವರ ಮುಖ ನನ್ನ ಕಡೆಗಿದೆ. ಹಕ್ಕಿ ನನಗೆ ಸಿಕ್ಕಿತೋ ಇಲ್ಲವೋ ಎಂದು ನೋಡುತ್ತಿದ್ದಾರೆ.

ಆ ಕಾಳುಗಳಲ್ಲಿ ನಾನೇ ಮುಖ ಕಟ್ಟಿಕೊಂಡೆನೇ? ಇರಬಹುದು. ಇನ್ನಷ್ಟು ಬೆಳಕು ಏರಿಸಿದರೆ ಮೂಗೂ ಕಾಳಾಗಿ ಚದುರುತ್ತದೆ; ಅಲ್ಲಿಗೇ ನಿಲ್ಲಿಸಿದೆ. ಸಂಜೆಯ ಕೆಂಪನ್ನು ಈ ಸಲ ಮುಟ್ಟಲಿಲ್ಲ. ಪ್ರಿಂಟ್ ಹಾಕಿಸಬೇಕು. "ಈಗ ಸರಿಯಾಯ್ತು ಮೇಷ್ಟ್ರೇ," ಎನ್ನಬೇಕಾದ ಅಜ್ಜ ಮಾತ್ರ ಇಲ್ಲ.